ಎಣ್ಣೆ ಹಚ್ಚದೆ ಪಳಗಿದ ಜಾಕೆಟ್

2020ರಿಂದ 2024ರವರೆಗೆ ಐದು ಮಳೆಗಾಲ. ನನ್ನ ಲೆದರ್ ಜಾಕೆಟ್ ಮೇಲೆ ಒಂದು ಚುಕ್ಕೆ ಬೂಷ್ಟು ಬಂದಿಲ್ಲ. ಮೊಣಕೈ ಮಡಿಕೆಯಲ್ಲಿ ಕಪ್ಪು ಸವೆದು ಒಳಗಿನ ಕಂದು ಎದ್ದಿದೆ. ಜೇಬಿನ ಅಂಚು ಹಳೇ ಗುದ್ದಲಿಯ ಕಾವಿನ ಥರ ಮಿರುಗುತ್ತಿದೆ. "ಚಿಕ್ಕಮಗಳೂರಲ್ಲಿ ಲೆದರ್ ಜಾಕೆಟ್ಟಾ? ಜೂನ್‌ನಲ್ಲಿ ಬೀರುವಿಗೆ ಹಾಕು, ಆಗಸ್ಟ್‌ನಲ್ಲಿ ತಿಪ್ಪೆಗೆ ಹಾಕು" ಎಂದು ನಕ್ಕವರೇ ಈಗ ತೋಳು ಹಿಡಿದು ತಿರುಗಿಸಿ ನೋಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಜಂಬ ಇದೆ, ಇಲ್ಲ ಅನ್ನುವುದಿಲ್ಲ.

ನನ್ನ ಕೆಲಸ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಮತ್ತು ಮೋಟಾರ್ ರಿಪೇರಿ. ಕಾಫಿ ಕೊಯ್ಲಿನ ಕಾಲದಲ್ಲಿ ದಿನಾ ಒಂದು ಎಸ್ಟೇಟು. ಇವತ್ತು ಆಲ್ದೂರು, ನಾಳೆ ಬಾಳೆಹೊನ್ನೂರು, ನಾಳಿದ್ದು ಕೊಟ್ಟಿಗೆಹಾರ. ಗಾಡಿ ಮೈಸೂರಿನಲ್ಲಿ ತಯಾರಾದ ಹಳೇ ಯೆಜ್ಡಿ. ಬೆಳಿಗ್ಗೆ ಆರೂವರೆಗೆ ಮಂಜಿನಲ್ಲಿ ಹೊರಟರೆ ಸ್ವೆಟರ್ ಸಾಲುವುದಿಲ್ಲ, ಗಾಳಿ ಒಳಗೆ ನುಗ್ಗುತ್ತದೆ. ಹಾಗೆ ಶುರುವಾಯಿತು ಈ ಹುಚ್ಚು.

ಮೊದಲನೆಯದು ಬೆಂಗಳೂರಿನ ಒಂದು ಸೇಲ್‌ನಲ್ಲಿ ತಂದದ್ದು, 2,800 ರೂಪಾಯಿ. ಒಳಗೆ ಜೆನ್ಯೂನ್ ಲೆದರ್ ಅನ್ನುವ ಚೀಟಿ ಬೇರೆ. ಎರಡನೇ ಮಳೆಗಾಲ ಮುಗಿದಾಗ ಹೆಗಲ ಮೇಲಿನ ಪದರ ಪರೋಟದ ಹಾಗೆ ಎದ್ದು ಬಂತು. ಅದು ಚರ್ಮದ ಕೆಳಪದರಕ್ಕೆ ಪಾಲಿಯುರೆಥೇನ್ ಬಳಿದ ಮಾಲು. ನಮ್ಮ ತೇವದಲ್ಲಿ ಆ ಬಳಿತ ತಾನಾಗಿ ಕೊಳೆಯುತ್ತದೆ. ನೀವು ಹಾಕಿದರೂ ಅಷ್ಟೇ, ತೂಗುಹಾಕಿದರೂ ಅಷ್ಟೇ.

ಎರಡನೆಯದು ಕುರಿ ಚರ್ಮ, 9,500 ಇರಬೇಕು. ಬೆಣ್ಣೆ ಥರ ಮೃದು. ಆದರೆ ಮೇಲೆ ದಪ್ಪ ಪೇಂಟ್ ಇತ್ತು. ಅಂಥದ್ದು ಹಾಕಿದಷ್ಟೂ ಚೆಂದವಾಗಿ ಸವೆದು ಪಳಗುವುದಿಲ್ಲ, ಬಿರುಕು ಬಿಡುತ್ತದೆ ಅಷ್ಟೇ. ನಾನು ಬುದ್ಧಿವಂತ, ಕೊಬ್ಬರಿ ಎಣ್ಣೆ ತಿಕ್ಕಿದೆ. ಡಿಸೆಂಬರ್‌ನಲ್ಲಿ ನೋಡಿದರೆ ಹೊಲಿಗೆಗಳಲ್ಲೆಲ್ಲ ಬೂದಿ ಉದುರಿದ ಹಾಗೆ ಬಿಳಿ. ಬೂಷ್ಟು ಅಂದುಕೊಂಡು ಒರೆಸಿದೆ, ಎರಡು ದಿನಕ್ಕೆ ಮತ್ತೆ ಬಂತು. ಆಮೇಲೆ ಹೊಳೆಯಿತು. ಕೊಬ್ಬರಿ ಎಣ್ಣೆ 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಬಚ್ಚಲಲ್ಲಿ ಬಾಟಲಿಯೊಳಗೇ ಕಲ್ಲಾಗಿರುವುದು ಹೊಲಿಗೆಯೊಳಗೆ ಸುಮ್ಮನಿರುತ್ತದಾ? ಅವತ್ತಿನಿಂದ ಬಿಳಿ ಕಂಡರೆ ಮೊದಲು ಹೇರ್ ಡ್ರೈಯರ್ ಹಿಡಿಯುತ್ತೇನೆ. ಕರಗಿ ಮಾಯವಾದರೆ ಕೊಬ್ಬು. ಹಾಗೇ ಇದ್ದು ಮುಗ್ಗಲು ವಾಸನೆ ಬಂದರೆ ಬೂಷ್ಟು. ಆ ಜಾಕೆಟ್ ಕೊನೆಗೆ ಕಂಕುಳಲ್ಲಿ ಹರಿಯಿತು, ಯೆಜ್ಡಿ ಕಿಕ್ ಹೊಡೆಯುವಾಗ.

ಅಲ್ಲಿಗೆ ಹನ್ನೆರಡು ಸಾವಿರ ನೀರಿಗೆ. ಮನೆಯಲ್ಲಿ ಲೆಕ್ಕ ಹೇಳಿರಲಿಲ್ಲ, ಈಗಲೂ ಹೇಳಿಲ್ಲ.

ಮೂರನೆಯದಕ್ಕೆ ಅಂಗಡಿ ಸಹವಾಸವೇ ಬೇಡ ಎಂದು ಚೆನ್ನೈನ ಪೆರಿಯಮೇಡಿಗೆ ಹೋದೆ. ಅಲ್ಲಿ ಚರ್ಮ ಅಡಿ ಲೆಕ್ಕದಲ್ಲಿ ಸಿಗುತ್ತದೆ. ನನಗೆ ಬೇಕಾಗಿದ್ದದ್ದು ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ ಕ್ರೋಮ್ ಚರ್ಮವಲ್ಲ, ವಾಟಲ್ ಮರದ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ್ದು. ಇ.ಐ. ಲೆದರ್ ಅನ್ನುತ್ತಾರೆ, ಈಸ್ಟ್ ಇಂಡಿಯಾ ಕಂಪನಿ ಕಾಲದ ಹೆಸರು. ಹಿಂದೆ ಇದಕ್ಕೆ ನಮ್ಮ ಬಯಲುಸೀಮೆಯಲ್ಲೂ ಬೆಳೆಯುವ ತಂಗಡಿ ಗಿಡದ ತೊಗಟೆಯೇ ಬಳಕೆ. ಮೇಕೆ ಚರ್ಮ ಆರಿಸಿದೆ. ಕುರಿಗಿಂತ ಗಟ್ಟಿ, ಹಸುವಿಗಿಂತ ಹಗುರ, ಮೇಲ್ಮೈಯಲ್ಲಿ ಸಣ್ಣ ಕಾಳುಕಾಳು. ಅಮೆರಿಕದ ನೌಕಾಪಡೆಯ ಜಿ-1 ಜಾಕೆಟ್ಟಿಗೂ ಮೇಕೆ ಚರ್ಮವೇ, ಅಂದಮೇಲೆ ಯೆಜ್ಡಿಗೆ ಸಾಕು ಅನ್ನಿಸಿತು. ಹನ್ನೊಂದು ಚರ್ಮ, ಒಂದೊಂದು ಐದು ಚದರ ಅಡಿ ಆಸುಪಾಸು, ಒಟ್ಟು ಏಳು ಸಾವಿರ ಚಿಲ್ಲರೆ. ದಪ್ಪ ಒಂದು ಮಿಲಿಮೀಟರ್‌ಗಿಂತ ಕೂದಲೆಳೆ ಕಮ್ಮಿ.

ಹೊಲಿಯುವವರು ಯಾರು? ಊರಿನ ಟೈಲರ್‌ಗಳೆಲ್ಲ ಕೈ ಮುಗಿದರು. ಕೊನೆಗೆ ಒಪ್ಪಿದವರು ಬೈಕಿನ ಸೀಟ್ ಕವರ್ ಹೊಲಿಯುವವರು. "ಸಾರ್, ಸೀಟಿಗೆ ಕೈ ಇರಲ್ಲ, ಇದಕ್ಕೆ ಎರಡು ಕೈ ಇದಾವೆ" ಅಂದರು. ಹರಿದ ಕುರಿ ಜಾಕೆಟ್ಟನ್ನು ಬಿಚ್ಚಿ ಅಳತೆಗೆ ಕೊಟ್ಟೆ. ಕಂಕುಳಿಗೆ ಎರಡು ಇಂಚು ಜಾಸ್ತಿ ಬಿಡಿಸಿದೆ. ಮಜೂರಿ 5,000, ಜಿಪ್ಪು, ಕಾಟನ್ ಲೈನಿಂಗ್ ಎಲ್ಲ ಸೇರಿ ಹದಿನಾಲ್ಕು ಸಾವಿರದೊಳಗೆ ಮುಗಿಯಿತು. 2018ರ ಡಿಸೆಂಬರ್.

ಹೊಲಿಯುವ ಮೊದಲು ಕಂದು ಚರ್ಮಕ್ಕೆ ನಾನೇ ಕಪ್ಪು ಹಾಕಿದ್ದು. ಒಳಗೆ ಕಂದು, ಮೇಲೆ ತೆಳ್ಳಗೆ ಕಪ್ಪು. ಉಜ್ಜಿದಲ್ಲಿ ಮಾತ್ರ ಕಂದು ಏಳಬೇಕು, ಆಟ ಇರುವುದೇ ಅಲ್ಲಿ. ಬಣ್ಣ ಆಳಕ್ಕೆ ಇಳಿದರೆ ಹತ್ತು ವರ್ಷವಾದರೂ ಏನೂ ಕಾಣುವುದಿಲ್ಲ. ಅದಕ್ಕೆ ಚರ್ಮವನ್ನು ಮೊದಲು ತೇವ ಮಾಡಿ, ಸ್ಪಿರಿಟ್ ಬಣ್ಣವನ್ನು ಬಟ್ಟೆಯಲ್ಲಿ ಒಂದೇ ಕೈ ಒತ್ತಿದೆ. ಎಷ್ಟು ತೇವ ಅನ್ನುವುದನ್ನು ಕೇಳಬೇಡಿ. ಮೂರು ಚರ್ಮ ಹಾಳು ಮಾಡಿ ಕಲಿತದ್ದು, ಅದಕ್ಕೆ ಮತ್ತೆ ಚೆನ್ನೈ ಬಸ್ಸು ಹತ್ತಬೇಕಾಯಿತು. ಮೊದಲ ತಿಂಗಳು ಅಂಗಿಯ ಕಾಲರಿಗೆಲ್ಲ ಕಪ್ಪು ಹತ್ತಿತು. ಅದನ್ನು ಒಗೆದವರ ಬಾಯಿ ಮಾತು ಇಲ್ಲಿ ಬೇಡ.

ಹೊಸದಾಗಿ ಬಂದಾಗ ಜಾಕೆಟ್ ತಗಡು. ಕೈ ಮಡಚಿದರೆ ಕಿರ್ ಎನ್ನುತ್ತಿತ್ತು. ಎಲ್ಲರೂ ಒಂದೇ ಮಾತು, ಎಣ್ಣೆ ಹಚ್ಚಿ ಮೆತ್ತಗೆ ಮಾಡು. ನಾನು ಮಾಡಿದ್ದು ಬೇರೆ. ಮಾರ್ಚ್‌ನಲ್ಲಿ ಹೂಮಳೆ ಬಂತಲ್ಲ, ಕಾಫಿ ಹೂವಿಗೆ ಎಲ್ಲರೂ ಕಾಯುವ ಮಳೆ. ಆಲ್ದೂರಿನಲ್ಲಿ ಕೆಲಸ ಮುಗಿಸಿದ್ದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ "ನಿಂತು ಹೋಗಿ ಮಾರಾಯ್ರೆ" ಅಂದರು. ನಿಲ್ಲಲಿಲ್ಲ. ಬೇಕೆಂದೇ ತೊಯ್ದೆ. ಊರು ಮುಟ್ಟುವಷ್ಟರಲ್ಲಿ ಜಾಕೆಟ್ ಎರಡರಷ್ಟು ಭಾರ. ಬಿಚ್ಚಲಿಲ್ಲ, ಮೈಮೇಲೇ ಒಣಗಿಸಿದೆ. ಕೈ ಹ್ಯಾಂಡಲ್ ಹಿಡಿದ ಹಾಗೆ ಮಡಚಿಕೊಂಡು ಎರಡು ಗಂಟೆ ವೆರಾಂಡದಲ್ಲಿ ಕೂತೆ, ಬೆಪ್ಪನ ಥರ. ಮರುದಿನ ನೋಡಿದರೆ ಮೊಣಕೈ ಒಳಗೆ ಜೇನುಗೂಡಿನಂಥ ಮಡಿಕೆಗಳು ಅಚ್ಚೊತ್ತಿದ್ದವು. ಅವತ್ತಿನಿಂದ ಆ ತೋಳು ನನ್ನದು. ಬೇರೆಯವರು ಹಾಕಿಕೊಂಡರೆ ಮಡಿಕೆ ಬೇರೆ ಕಡೆ ಬರುತ್ತದೆ, ಅವರಿಗೇ ಮುಜುಗರ. ತೊಗಟೆ ಹದದ ಚರ್ಮ ನೆಂದಾಗ ಹಿಟ್ಟಿನ ಹಾಗೆ ಆಕಾರ ಹಿಡಿಯುತ್ತದೆ, ಕ್ರೋಮ್‌ನದ್ದು ಅಷ್ಟಾಗಿ ಹಿಡಿಯುವುದಿಲ್ಲ. ಆದರೆ ಒಂದು ಸಲ ಸಾಕು. ವಾರವಾರ ತೋಯಿಸಿದರೆ ಒಳಗಿನ ಕೊಬ್ಬು ತೊಳೆದುಹೋಗುತ್ತದೆ.

ಇಷ್ಟು ಚೆನ್ನಾಗಿ ಬಂದದ್ದನ್ನು ಹಾಳು ಮಾಡಿದ್ದೂ ನಾನೇ. 2019ರ ಮೇ ಕೊನೆಯಲ್ಲಿ ಎಲ್ಲರ ಮಾತಿಗೆ ಸೋತು, 600 ರೂಪಾಯಿ ಕೊಟ್ಟು ಚರ್ಮಕ್ಕೆ ಹಚ್ಚುವ ನೀಟ್ಸ್‌ಫುಟ್ ಎಣ್ಣೆ ತಂದು ಅರ್ಧ ಬಾಟಲಿ ಕುಡಿಸಿದೆ. ಮಳೆಗಾಲಕ್ಕೆ ರಕ್ಷಣೆ ಅಂತೆ! ಬೂಷ್ಟಿಗೆ ಊಟ ಹಾಕಿದ ಹಾಗಾಯಿತು. ಆ ಆಗಸ್ಟ್ ನೆನಪಿದೆಯಲ್ಲ? ಮೂಡಿಗೆರೆ ಕಡೆ ಗುಡ್ಡ ಕುಸಿದು, ಚಾರ್ಮಾಡಿ ಘಾಟಿ ಮುಚ್ಚಿತ್ತು. ವಾರಗಟ್ಟಲೆ ಕರೆಂಟಿಲ್ಲ. ಬೀರು ತೆಗೆದರೆ ಜಾಕೆಟ್ ಮೇಲೆ ಹಸಿರು ಮಿಶ್ರಿತ ಬಿಳಿ ಕೂದಲು, ನಾಯಿಮರಿಯ ಹಾಗೆ.

ಗಾಬರಿಯಲ್ಲಿ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಒರೆಸಿದೆ. ಎಡಹೆಗಲ ಬೂಷ್ಟೂ ಹೋಯಿತು, ಕಪ್ಪೂ ಹೋಯಿತು. ಸ್ಪಿರಿಟ್‌ನಲ್ಲಿ ಕರಗಿಸಿದ ಬಣ್ಣ ಸ್ಪಿರಿಟ್ ಮುಟ್ಟಿಸಿದರೆ ಇನ್ನೇನಾಗುತ್ತದೆ! ಅಂಗೈಯಷ್ಟು ಕಂದು ಮಚ್ಚೆ. ಈಗ ಬೆಂಗಳೂರಿನಿಂದ ಬರುವ ಬೈಕ್ ಹುಡುಗರು ಆ ಮಚ್ಚೆಯನ್ನೇ ಮೊದಲು ಹೊಗಳುವುದು. "ಬ್ಯಾಗ್ ಪಟ್ಟಿ ಉಜ್ಜಿ ಬಂದದ್ದಾ ಅಣ್ಣ?" ಅನ್ನುತ್ತಾರೆ. ಹೌದು ಅನ್ನುತ್ತೇನೆ.

ಒರೆಸಿದ ಮೇಲೆ ಒಣಗಿಸುವುದೆಲ್ಲಿ? ಅಜ್ಜನ ಮನೆಯಲ್ಲಿ ಒಲೆ ಮೇಲಿನ ಹೊಗೆಅಟ್ಟ ನೆನಪಾಯಿತು. ಅಲ್ಲಿ ಇಟ್ಟ ಬುಟ್ಟಿಗೆ ಬೂಷ್ಟು ಹಿಡಿದದ್ದನ್ನು ನಾನು ನೋಡಿಲ್ಲ. ಹತ್ತು ದಿನ ತೂಗುಹಾಕಿದೆ. ಬೂಷ್ಟು ಬರಲಿಲ್ಲ, ನಿಜ. ಆದರೆ ಇಲಿ ಎಡಗೈ ಕಫ್ ತಿಂದಿತ್ತು. ನೀಟ್ಸ್‌ಫುಟ್ ಎಣ್ಣೆ ಅಂದರೆ ದನದ ಕಾಲಿನ ಕೊಬ್ಬು, ಇಲಿಗೆ ಅದಕ್ಕಿಂತ ಬೇಕಾ? ಜಾಕೆಟ್ ಹಾಕಿಕೊಂಡು ಮದುವೆಮನೆಗೆ ಹೋದರೆ ಪಕ್ಕದವರು "ಎಲ್ಲೋ ಸುಡ್ತಾ ಇದೆ" ಎಂದು ಸುತ್ತ ನೋಡಿದರು.

ಶೂ ಡಬ್ಬದ ಸಿಲಿಕಾ ಪೊಟ್ಟಣ ಹಾಕಿ ನೋಡಿದ್ದೇನೆ. ನಮ್ಮ ಬೀರುವಿನ ಸಂದಿನಲ್ಲಿ ಬರುವ ತೇವಕ್ಕೆ ಅದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅಮ್ಮ ಜೇಬಿಗೆ ಬಜೆ ಬೇರು ಹಾಕಿಟ್ಟರು, ರೇಷ್ಮೆ ಸೀರೆಗೆ ಹಾಕುವ ಹಾಗೆ. ಹುಳಕ್ಕೆ ಒಳ್ಳೆಯದು, ಬೂಷ್ಟು ಕ್ಯಾರೇ ಅನ್ನಲಿಲ್ಲ.

ಕೊನೆಗೆ ಕೆಲಸ ಮಾಡಿದ್ದು ಬಲ್ಬು. ಮೋಟಾರ್ ವೈಂಡಿಂಗ್ ಒದ್ದೆಯಾದರೆ ನಾವು ಬಲ್ಬ್ ಇಟ್ಟೇ ಒಣಗಿಸುವುದು, ಜಾಕೆಟ್ಟಿಗೆ ಯಾಕೆ ಹೊಳೆಯಲಿಲ್ಲವೋ. ಮೊದಲು 100 ವ್ಯಾಟ್ ಹಾಕಿದೆ, ದುರಾಸೆ. ಬಲ್ಬಿಗೆ ಹತ್ತಿರವಿದ್ದ ಕೆಳಅಂಚು ನಾಲ್ಕು ಬೆರಳಗಲ ಹಪ್ಪಳವಾಯಿತು. ಒದ್ದೆ ಚರ್ಮಕ್ಕೆ ಬಿಸಿ ತಾಗಿದರೆ ಸುರುಟಿಕೊಳ್ಳುತ್ತದೆ, ಮತ್ತೆ ಬಿಡುವುದಿಲ್ಲ. ಆ ಅಂಚನ್ನು ಕತ್ತರಿಸಿ ಹೊಲಿಸಿದ್ದಕ್ಕೆ ಜಾಕೆಟ್ ಈಗ ಒಂದು ಇಂಚು ಗಿಡ್ಡ.

2020ರಿಂದ 40 ವ್ಯಾಟ್‌ನ ಹಳೇ ಫಿಲಮೆಂಟ್ ಬಲ್ಬು. ಎಲ್‌ಇಡಿ ಉಪಯೋಗವಿಲ್ಲ, ನಮಗೆ ಬೇಕಾಗಿರುವುದು ಬೆಳಕಲ್ಲ. ಬೀರುವಿನ ತಳದಲ್ಲಿ ಬಲ್ಬು, ಮೇಲೆ ತೂತು ಕೊರೆದ ತಗಡಿನ ಡಬ್ಬ, ಅದರ ಮೇಲೆ ಎರಡಡಿ ಬಿಟ್ಟು ಜಾಕೆಟ್. ಬಟ್ಟೆ ಜಾರಿ ಬಲ್ಬಿನ ಮೇಲೆ ಬಿದ್ದರೆ ಬೆಂಕಿ, ಡಬ್ಬ ಇಲ್ಲದೆ ಮಾಡಬೇಡಿ. ಬಿಸಿ, ತೇವ ಅಳೆಯುವ 400 ರೂಪಾಯಿಯ ಮೀಟರ್ ಇಟ್ಟು ನೋಡಿದೆ. ಜುಲೈನಲ್ಲಿ ಕೋಣೆಯಲ್ಲಿ 22 ಡಿಗ್ರಿ, ತೇವ ಶೇಕಡಾ 90 ದಾಟಿತ್ತು. ಬೀರುವಿನಲ್ಲಿ 27, 28 ಡಿಗ್ರಿ, ತೇವ 65 ಆಸುಪಾಸು. ಐದಾರು ಡಿಗ್ರಿ ಬೆಚ್ಚಗಾದರೆ ಸಾಕು, ಬೂಷ್ಟಿಗೆ ಅಲ್ಲಿ ಕೆಲಸವಿಲ್ಲ. ಖರ್ಚು ದಿನಕ್ಕೆ ಒಂದು ಯೂನಿಟ್. ಮೂರು ತಿಂಗಳಿಗೆ ಆರುನೂರು ರೂಪಾಯಿ ಹೆಚ್ಚುಕಮ್ಮಿ. ಒಂದೆರಡು ದಿನ ಕರೆಂಟ್ ಹೋದರೂ ತೊಂದರೆಯಾಗಿಲ್ಲ.

"ಬಲ್ಬಿಗೆ ಒಣಗಿ ಸೀಳುತ್ತೆ ನೋಡ್ತಾ ಇರು" ಅಂದರು. ಎಲ್ಲಿ ಸೀಳಿತು? ಚರ್ಮ ಹದ ಮಾಡುವ ಟ್ಯಾನರಿಯಲ್ಲೇ ಎಣ್ಣೆ ಉಣ್ಣಿಸಿ ಕಳಿಸಿರುತ್ತಾರೆ. ದಿನಾ ಹಾಕಿದರೆ ಮೈಯ ಬೆವರು, ತಲೆಯ ಎಣ್ಣೆ ಕಾಲರಿಗೆ ತಾನಾಗಿ ಸೇರುತ್ತದೆ. ಐದು ವರ್ಷದಲ್ಲಿ ನಾನು ಹಚ್ಚಿದ್ದು ಒಂದೇ ಸಲ, 2023ರ ಜನವರಿಯಲ್ಲಿ, ಮೊಣಕೈ ಮಡಿಕೆಗೆ ಮಾತ್ರ. ಜೇನುಮೇಣ ಇತ್ತು, ಇನ್ನೊಂದಿತ್ತು. ಎರಡೂ ಸೇರಿ ಅರ್ಧ ಚಮಚ. ಇನ್ನೊಂದು ಏನು ಅನ್ನುವುದು ನನ್ನ ಹತ್ತಿರವೇ ಇರಲಿ.

ತುಂಡು ಚರ್ಮ ಉಳಿದಿತ್ತಲ್ಲ, ಅದರ ಮೇಲೆ ಆಟವಾಡಿದ್ದೂ ಹೇಳಬೇಕು. ಕಾಫಿ ಡಿಕಾಕ್ಷನ್ ಬಳಿದೆ, ಕಾಫಿ ನಾಡಿನವನು ಬಿಡಲಿಕ್ಕಾಗುತ್ತದಾ? ಗೆರೆಗೆರೆಯಾಗಿ ಹಿಡಿಯಿತು, ಒಂದು ಮಳೆಗೆ ಹೋಯಿತು. ಅಡಿಕೆ ಬೇಯಿಸಿದ ನೀರು, ಅಂದರೆ ಚೊಗರು ಹಾಕಿದೆ. ಬಣ್ಣ ಅದ್ಭುತ, ಮಾಗಿದ ಕಾಫಿ ಹಣ್ಣಿನ ಕೆಂಪು. ಆದರೆ ಒಣಗಿದ ಮೇಲೆ ಬಗ್ಗಿಸಿದರೆ ಪಟ್ ಎಂದು ಮುರಿಯಿತು. ಅದೇ ಚೊಗರಿನ ತುಂಡಿಗೆ ತುಕ್ಕು ಮೊಳೆ ನೆನೆಸಿದ ವಿನೆಗರ್ ಮುಟ್ಟಿಸಿದೆ. ಕಣ್ಣೆದುರೇ ಇದ್ದಿಲ ಕಪ್ಪು. ಅಡಿಕೆ ಕೊಯ್ದ ಕಬ್ಬಿಣದ ಕತ್ತಿ ಕಪ್ಪಾಗುತ್ತದಲ್ಲ, ಅದೇ ಕೆಲಸ. ಜಾಕೆಟ್ಟಿಗೆ ಹಾಕುವ ಧೈರ್ಯ ಬರಲಿಲ್ಲ. ಕಬ್ಬಿಣ ಉಳಿದರೆ ಚರ್ಮವನ್ನು ನಿಧಾನಕ್ಕೆ ತಿನ್ನುತ್ತದೆ.

ನನಗೆ ಖುಷಿ ಕೊಟ್ಟದ್ದು ಬಿಸಿಲಿನ ಪ್ರಯೋಗ. ಜನವರಿಯಲ್ಲಿ ಒಂದು ಎಸ್ಟೇಟಿನ ಕಾಫಿ ಕಣದಲ್ಲಿ, ಬಣ್ಣ ಹಾಕದ ತುಂಡಿನ ಮೇಲೆ ಪಲ್ಪರ್‌ನ ಒಂದು ವಾಷರ್ ಇಟ್ಟು ಬಂದೆ. ಕಣದವರು ಕಾಫಿ ಕೆದಕುವಾಗ ಅದನ್ನು ಮುಟ್ಟಬಾರದೆಂದು ಕೇಳಿಕೊಂಡಿದ್ದೆ, ಪಾಪ ಮುಟ್ಟಲಿಲ್ಲ. ಹದಿನೈದು ದಿನ ಬಿಟ್ಟು ವಾಷರ್ ಎತ್ತಿದರೆ ಕೆಳಗೆ ಬಿಸ್ಕತ್ತು ಬಣ್ಣದ ಉಂಗುರ, ಸುತ್ತ ಬೆಲ್ಲದ ಬಣ್ಣ. ಎಣ್ಣೆಯಿಲ್ಲ, ಬಣ್ಣವಿಲ್ಲ, ಬರೀ ಬಿಸಿಲು. ಪಕ್ಕದಲ್ಲಿಟ್ಟ ಕ್ರೋಮ್ ತುಂಡು ಹಾಗೇ ಇತ್ತು. ಹಾಗಾಗಿ ಜಾಕೆಟ್ಟಿನಲ್ಲಿ ಈಗ ಸವೆದು ಎದ್ದ ಕಂದು ಕೂಡ ವರ್ಷವರ್ಷಕ್ಕೆ ಗಾಢವಾಗುತ್ತಿದೆ. ಮೊದಲು ಎದ್ದ ಕಫ್ ಕಾಕಂಬಿಯ ಬಣ್ಣಕ್ಕೆ ಬಂದಿದೆ. ಹೋದ ವರ್ಷ ಎದ್ದ ಜಿಪ್ಪಿನ ಅಂಚು ಇನ್ನೂ ಬಿಸ್ಕತ್ತು. ಹೊಟ್ಟೆಯ ಮೇಲೆ ಯೆಜ್ಡಿ ಟ್ಯಾಂಕ್ ಉಜ್ಜಿದ ಗೆರೆ ಎರಡರ ನಡುವೆ ಇದೆ.

ಹೋದ ತಿಂಗಳು ಜಿಪ್ಪಿನ ತಳ ಕಿತ್ತುಹೋಯಿತು. ಅದೇ ಸೀಟ್ ಕವರಿನವರ ಹತ್ತಿರ ಕೊಟ್ಟೆ, 350 ಕೇಳಿದರು. ಸಂಜೆ ತರಲು ಹೋದರೆ ಜಾಕೆಟ್ ಮೇಜಿನ ಮೇಲೆ, ಪಕ್ಕದಲ್ಲಿ ಕಪ್ಪು ಬಣ್ಣದ ಡಬ್ಬ, ಕೈಯಲ್ಲಿ ಬ್ರಷ್ಷು. "ಎಲ್ಲಾ ಕಡೆ ಬಣ್ಣ ಹೋಗ್ಬಿಟ್ಟಿದೆ ಸಾರ್, ಕಾಸು ಬೇಡ, ಹಳೇ ಗಿರಾಕಿ ಅಂತ ಹೊಡೀತಾ ಇದ್ದೆ" ಅಂದರು. ಬಲಗಡೆ ಜೇಬಿನ ಮೇಲೆ ಒಂದು ಬೆರಳುದ್ದ ಹೊಡೆದೂ ಆಗಿತ್ತು. ಕಸಿದುಕೊಂಡು ಬಂದೆ. ಆ ಬೆರಳುದ್ದ ಮತ್ತೆ ಸವೆಯಲು ಇನ್ನೆರಡು ವರ್ಷ ಬೇಕು.