ಹಳೆಯ ಪುಸ್ತಕ, ಪತ್ರಿಕೆ, ಕಾಗದಗಳನ್ನು ಸಂಗ್ರಹಿಸುವುದು ಹೇಗೆ?

ಹಳೆಯದೆಲ್ಲ ಬೇಕೆಂದು ಹೊರಟವರ ಮನೆಯಲ್ಲಿ ಬೇಗನೆ ಜಾಗ ಮುಗಿಯುತ್ತದೆ. ಕೈಸೇರಿದ್ದು ಯಾವುದೂ ಪೂರ್ತಿಯಾಗಿರುವುದಿಲ್ಲ. ಆದ್ದರಿಂದ ಮೊದಲು ಒಂದು ಎಲ್ಲೆ ಹಾಕಿಕೊಳ್ಳಿ. ಒಂದು ಪತ್ರಿಕೆ, ಒಂದು ಊರಿನ ಮುದ್ರಣಾಲಯಗಳು ಅಥವಾ ನಿಮ್ಮದೇ ಮನೆತನದ ಕಾಗದಗಳು, ಇಷ್ಟಾದರೂ ಸಾಕು. ಹಾಸ್ಯ ಲೇಖಕ ರಾ.ಶಿ. (ಡಾ. ಎಂ. ಶಿವರಾಂ) ಅವರು 1942ರಲ್ಲಿ ಆರಂಭಿಸಿದ ಹಾಸ್ಯ ಮಾಸಿಕ ‘ಕೊರವಂಜಿ’ 1967ರವರೆಗೆ ನಡೆಯಿತು. ಹೀಗೆ ಮೊದಲೂ ಕೊನೆಯೂ ಗೊತ್ತಿರುವ ಪತ್ರಿಕೆಯಾದರೆ, ಇರುವ ಸಂಚಿಕೆ ಯಾವುದು, ಸಿಗಬೇಕಾದದ್ದು ಯಾವುದು ಎಂದು ಪಟ್ಟಿ ಮಾಡಿಕೊಂಡು ಹುಡುಕಬಹುದು. ಆರ್.ಕೆ. ಲಕ್ಷ್ಮಣ್ ಅವರ ಆರಂಭದ ವ್ಯಂಗ್ಯಚಿತ್ರಗಳೂ ಅದರಲ್ಲಿರುವುದರಿಂದ ಹುಡುಕಾಟ ಬೇಸರ ತರಿಸುವುದಿಲ್ಲ.

ಬೆಂಗಳೂರಿನಲ್ಲಿ ಅವೆನ್ಯೂ ರಸ್ತೆ ಮತ್ತು ಚರ್ಚ್ ಸ್ಟ್ರೀಟ್‌ನ ಹಳೆಯ ಪುಸ್ತಕದ ಅಂಗಡಿಗಳು ಎಲ್ಲರಿಗೂ ಗೊತ್ತು. ಆದರೆ ನಿಜವಾದ ನಿಧಿ ಇರುವುದು ನಿಮ್ಮ ಬಡಾವಣೆಯ ರದ್ದಿ ಅಂಗಡಿಯಲ್ಲಿ. ಕಟ್ಟು ಬಿಚ್ಚುವ ಮೊದಲೇ ತಿಳಿಸುವಂತೆ ಅಂಗಡಿಯವರಿಗೆ ಹೇಳಿಡಿ. ಒಂದೇ ಮನೆಯಿಂದ ಬಂದ ಪುಸ್ತಕ, ಕಾಗದ, ಲೆಕ್ಕದ ಚೀಟಿಗಳು ಒಮ್ಮೆ ಚದುರಿದರೆ ಅವುಗಳ ನಂಟನ್ನು ಮತ್ತೆ ಕೂಡಿಸಲು ಬರುವುದಿಲ್ಲ.

ಪುಸ್ತಕ ಕೈಗೆ ಬಂದಾಗ ಮೊದಲು ಪುಟಸಂಖ್ಯೆಗಳು ಕ್ರಮವಾಗಿವೆಯೇ ಎಂದು ನೋಡಿ, ಬಳಿಕ ಮುದ್ರಣದ ವಿವರ ಓದಿ. ಇಸವಿ ಇಲ್ಲದಿದ್ದರೆ ಬೆಲೆ ನೆರವಿಗೆ ಬರುತ್ತದೆ. ನಮ್ಮಲ್ಲಿ ದಶಮಾಂಶ ನಾಣ್ಯ ಪದ್ಧತಿ ಜಾರಿಗೆ ಬಂದದ್ದು 1957ರ ಏಪ್ರಿಲ್ 1ರಂದು. ಆದುದರಿಂದ ಬೆಲೆ ಆಣೆಯಲ್ಲಿದ್ದರೆ ಪುಸ್ತಕ ಬಹುಮಟ್ಟಿಗೆ ಅದಕ್ಕಿಂತ ಹಿಂದಿನದು, ‘ನಯೇ ಪೈಸೆ’ ಎಂದಿದ್ದರೆ ನಂತರದ ಕೆಲವೇ ವರ್ಷಗಳದ್ದು.

ಪತ್ರಿಕೆಗಳ ಬೈಂಡು ಕೊಳ್ಳುವಾಗ ಹೆಚ್ಚು ಎಚ್ಚರ ಬೇಕು, ಏಕೆಂದರೆ ಎಷ್ಟೋ ಸಂಪುಟಗಳಲ್ಲಿ ಬೈಂಡು ಹಾಕುವವರು ಮುಖಪುಟವನ್ನೂ ಜಾಹೀರಾತಿನ ಪುಟಗಳನ್ನೂ ತೆಗೆದುಬಿಟ್ಟಿರುತ್ತಾರೆ. ಆ ಕಾಲದ ಸಾಬೂನಿನ ಬೆಲೆ, ಸಿನಿಮಾ ಥಿಯೇಟರಿನ ಹೆಸರು ಉಳಿದಿರುವುದು ಆ ಪುಟಗಳಲ್ಲೇ. ವಾರಪತ್ರಿಕೆಯ ಧಾರಾವಾಹಿಯ ಪುಟಗಳನ್ನಷ್ಟೇ ವಾರವಾರವೂ ಕತ್ತರಿಸಿ, ದಾರದಿಂದ ಹೊಲಿದು, ಕ್ಯಾಲೆಂಡರಿನ ಹಾಳೆಯ ರಟ್ಟು ಹಾಕಿದ ಮನೆಯ ಪುಸ್ತಕಗಳು ಸಿಕ್ಕರೆ ಮಾತ್ರ ಬಿಡಬೇಡಿ. ಅವುಗಳಿಗೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲದಿರಬಹುದು. ನನ್ನ ಮಟ್ಟಿಗೆ ಕನ್ನಡ ಓದುಗರ ಪ್ರೀತಿಗೆ ಅದಕ್ಕಿಂತ ದೊಡ್ಡ ದಾಖಲೆ ಇಲ್ಲ.

ಕಾಗದಗಳನ್ನು ಓದುವುದಕ್ಕೆ ಮೊದಲು ನೋಡಬೇಕು. ನಡುವೆ ತೂತಿದ್ದರೆ ಅದು ಹುಳು ಕೊರೆದದ್ದೆಂದು ತಿಳಿಯಬೇಡಿ. ಬಂದ ಕಾಗದವನ್ನು ಗೋಡೆಯ ಕೊಕ್ಕೆತಂತಿಗೆ ಚುಚ್ಚಿಡುತ್ತಿದ್ದ ಗುರುತು ಅದು, ಸುತ್ತ ತುಕ್ಕಿನ ಸಣ್ಣ ಬಳೆಯೂ ಇರುತ್ತದೆ. ಮೂಲೆಯಲ್ಲಿ ಅರಿಸಿನವಿದ್ದರೆ ಶುಭಸಮಾಚಾರ, ಮಸಿ ಬಳಿದಿದ್ದರೆ ಸಾವಿನ ಸುದ್ದಿ. ಇವನ್ನು ಕೊಳೆಯೆಂದು ಒರೆಸಬಾರದು. ತಾರೀಖಿನ ಬದಲು ಸಂವತ್ಸರದ ಹೆಸರಿದ್ದರೆ, ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುವುದರಿಂದ ಅಂಚೆಚೀಟಿಯನ್ನೂ ಸೇರಿಸಿ ಓದಬೇಕು. ಸರ್ವಜಿತ್ ಸಂವತ್ಸರವೆಂದು ಬರೆದ ಲಕೋಟೆಯ ಮೇಲೆ ಆರನೆಯ ಜಾರ್ಜ್ ದೊರೆಯ ಚಿತ್ರವಿದ್ದರೆ ಆ ಕಾಗದ 1947–48ರದು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ 15ಕ್ಕಿಂತ ಹಿಂದಿನದಾಗಿರಲಾರದು. ಈ ಕಾರಣಕ್ಕಾಗಿ ಅಂಚೆಚೀಟಿಯನ್ನು ಕತ್ತರಿಸಬಾರದು, ಲಕೋಟೆಯನ್ನು ಕಾಗದದಿಂದ ಬೇರ್ಪಡಿಸಬಾರದು. ಕಾಗದ ನಿಮ್ಮ ಕೈಯಲ್ಲಿದ್ದರೂ ಬರಹದ ಹಕ್ಕು ಬರೆದವರದು, ಅವರ ನಂತರ ವಾರಸುದಾರರದು. ಪ್ರಕಟಿಸುವ ಮೊದಲು ಅವರ ಒಪ್ಪಿಗೆ ಪಡೆಯಬೇಕು. ಮನೆಯೊಳಗಿನ ಕಷ್ಟಸುಖ ಬರೆದುಕೊಂಡ ಕಾಗದವನ್ನು ಫೋಟೊ ತೆಗೆದು ಹಂಚುವುದಂತೂ ಸರ್ವಥಾ ಕೂಡದು.

ಮನೆಗೆ ತಂದ ಮೇಲೆ ಕೆಲವು ದಿನ ಉಳಿದ ಸಂಗ್ರಹದಿಂದ ದೂರವಿಟ್ಟು, ನೆರಳಿನಲ್ಲಿ ಗಾಳಿಗೆ ಹರಡಿ, ಮೆತ್ತನೆಯ ಒಣ ಬ್ರಷ್ಷಿನಿಂದ ಧೂಳು ತೆಗೆಯಿರಿ. ಬಿಸಿಲು ಬೇಡ, ಒದ್ದೆ ಬಟ್ಟೆ ಬೇಡ. ತುಕ್ಕು ಹಿಡಿದ ಗುಂಡುಸೂಜಿಯನ್ನು ಎಳೆಯದೆ, ಸುತ್ತಲಿನ ಕಾಗದವನ್ನು ಬೆರಳಿನಿಂದ ಒತ್ತಿಹಿಡಿದು ನಿಧಾನವಾಗಿ ಬಿಡಿಸಿಕೊಳ್ಳಿ. ಹರಿದ ಕಡೆ ಸೆಲ್ಲೋಟೇಪ್ ಹಚ್ಚಲೇಬೇಡಿ. ನಾನು ಒಮ್ಮೆ ಹಚ್ಚಿದ್ದೆ. ಕೆಲವೇ ವರ್ಷಗಳಲ್ಲಿ ಟೇಪು ಉದುರಿ, ಅಂಟು ಮಾತ್ರ ಕಂದು ಪಟ್ಟಿಯಾಗಿ ಉಳಿದು, ಒಂದು ಒಳ್ಳೆಯ ಮುಖಪುಟ ಹಾಳಾಯಿತು. ಲ್ಯಾಮಿನೇಷನ್ ಮಾಡಿಸುವುದೂ ಅಷ್ಟೇ ಕೆಟ್ಟದ್ದು. ಗೋಡೆಗೆ ತಾಗದಂತೆ ಇಟ್ಟ ಬೀರುವಿನಲ್ಲಿ, ತೆಳುಬಟ್ಟೆಯಲ್ಲಿ ಕಟ್ಟಿದ ಒಣ ಬೇವಿನೆಲೆಯೊಂದಿಗೆ ಜೋಡಿಸಿಟ್ಟು, ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಾಗಿಲು ತೆರೆದು ನೋಡಿ.

ಕೊನೆಗೆ ಒಂದು ದಪ್ಪ ನೋಟ್‌ಬುಕ್ಕು ಬೇಕು. ಪ್ರತಿಯೊಂದಕ್ಕೂ ಪೆನ್ಸಿಲಿನಿಂದ ಒಂದು ಸಂಖ್ಯೆ ಕೊಟ್ಟು, ಅದೇ ಸಂಖ್ಯೆಯ ಎದುರಿಗೆ ಎಲ್ಲಿ, ಎಂದು, ಎಷ್ಟಕ್ಕೆ ಸಿಕ್ಕಿತು, ಅದೇ ಕಟ್ಟಿನಲ್ಲಿ ಇನ್ನೇನಿತ್ತು ಎಂಬುದನ್ನು ತಂದ ದಿನವೇ ಬರೆದಿಡಿ. ಪುಟಗಳ ನಡುವೆ ಬಸ್ ಟಿಕೆಟ್ಟೋ ಒಣಗಿದ ಹೂವಿನ ಎಸಳೋ ಸಿಕ್ಕಿದ್ದರೆ, ಅದು ಯಾವ ಪುಟದಲ್ಲಿತ್ತು ಎಂಬುದನ್ನೂ ಬರೆಯಿರಿ.