ಕೊಟ್ಟಿಗೆ ಕೆಲಸದ ನಡುವೆಯೇ ಋಣ ನೆನೆಯುವುದು ಹೇಗೆ

ಹಸು ಕಟ್ಟಿದ ಮನೆಯಲ್ಲಿ ಹಬ್ಬ ಇರಲಿ, ಸೂತಕ ಇರಲಿ, ಮೈಯಲ್ಲಿ ಜ್ವರ ಇರಲಿ, ಎರಡು ಹೊತ್ತೂ ಹಾಲು ಕರೆಯಲೇಬೇಕು. ಅಂಥವರಿಗೆ ‘ಬೆಳಗಾಗೆದ್ದು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತು ಪ್ರಕೃತಿಗೆ ಕೈ ಮುಗಿಯಿರಿ’ ಅಂದರೆ ಅದು ನಡೆಯುವ ಮಾತಲ್ಲ. ಆ ಹೊತ್ತಿಗೆ ಕೊಟ್ಟಿಗೆಯಲ್ಲಿ ಹಸು ಕೂಗುತ್ತಿರುತ್ತದೆ, ಡೈರಿಯಲ್ಲಿ ಹಾಲು ಅಳೆಯುವ ಹೊತ್ತು ಹತ್ತಿರವಾಗುತ್ತಿರುತ್ತದೆ, ಮಕ್ಕಳ ಡಬ್ಬಿಗೆ ಇನ್ನೂ ಒಲೆ ಹಚ್ಚಿರುವುದಿಲ್ಲ. ಹಾಗಾಗಿ ಪ್ರಕೃತಿಯ ಋಣ ನೆನೆಯಲು ನಾನು ಹೇಳುವ ಕ್ರಮಕ್ಕೆ ಬೇರೆ ಹೊತ್ತು ಬೇಡ. ಹೇಗೂ ಮಾಡುವ ಕೆಲಸ ಒಂದೊಂದಕ್ಕೂ ನೋಡುವ ಸಂಗತಿ ಒಂದೊಂದನ್ನು ಗಂಟು ಹಾಕಿಕೊಳ್ಳಬೇಕು, ಅಷ್ಟೆ.

ನಾಗಮಂಗಲ ತಾಲ್ಲೂಕಿನ ಒಣಭೂಮಿಯ ಊರು ನಮ್ಮದು. ರಾಗಿ, ಹುರುಳಿ, ಒಂದಿಷ್ಟು ತೆಂಗು, ಬೋರ್‌ವೆಲ್ ಪಕ್ಕದಲ್ಲಿ ಸೀಮೆಹುಲ್ಲು. ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಅನ್ನುವ ಸೀಮೆ ತಳಿ) ಹಸು, ಒಂದು ಜರ್ಸಿ, ಜೊತೆಗೆ ನಮ್ಮತ್ತೆ ಯಾರು ಕೇಳಿದರೂ ಮಾರಲು ಬಿಡದ ಒಂದು ಹಳ್ಳಿಕಾರ್ ನಾಟಿ ಹಸು. ಮನೆ ನಡೆಯುವುದು ಡೈರಿಯ ಬಟವಾಡೆಯಲ್ಲೇ. ಮದುವೆಯಾಗಿ ಬಂದಾಗಿನಿಂದ ಕೊಟ್ಟಿಗೆ ನನ್ನ ಪಾಲಿನದು. ಇದನ್ನು ಬರೆಯುತ್ತಿರುವುದು ನನ್ನ ಹಾಗೆಯೇ ಹಸುವಿನ ಮನೆಗೆ ಸೊಸೆಯಾಗಿ ಬಂದ ಹೆಣ್ಣುಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು. ಅವರಲ್ಲಿ ಹೆಚ್ಚಿನವರಿಗೆ ಈ ಕೆಲಸ ಬರೀ ಸಗಣಿ, ಬರೀ ಬೆನ್ನುನೋವು. ಎರಡೂ ನಿಜವೇ. ಆದರೆ ಅದರ ಪಕ್ಕದಲ್ಲೇ ಇರುವುದನ್ನು ಯಾರೂ ಅವರಿಗೆ ತೋರಿಸಿಲ್ಲವಲ್ಲ ಅಂತ ನನಗೆ ಸಂಕಟ.

ಮೊದಲು ಮೊಬೈಲನ್ನು ಮನೆಯಲ್ಲೇ ಬಿಡಿ. ನಮ್ಮೂರಲ್ಲಿ ಎಲ್ಲರೂ ಅದನ್ನೇ ಬೆಳಕಿಗೆ ಅಂತ ಹಿಡಿದು ಕೊಟ್ಟಿಗೆಗೆ ಹೋಗುತ್ತಾರೆ, ಅಲ್ಲಿ ನಿಂತು ವಾಟ್ಸಾಪ್ ನೋಡುತ್ತಾರೆ. ಒಂದು ಬ್ಯಾಟರಿ ಕೊಂಡುಕೊಳ್ಳಿ, ಅದನ್ನೂ ಅಂಗಳ ದಾಟುವ ತನಕ ಹಚ್ಚಬೇಡಿ. ಹಿತ್ತಲ ಬಾಗಿಲಿಂದ ಕೊಟ್ಟಿಗೆಗೆ ನಾಲ್ಕು ಹೆಜ್ಜೆಯಾದರೂ ಸರಿ, ತಲೆ ಎತ್ತಿ ನಡೆಯಿರಿ. ಕೆಲವು ತಿಂಗಳು ಮೂಡಲ ಕಡೆ ಬೆಳ್ಳಿ ಚುಕ್ಕಿ ಇರುತ್ತದೆ, ಆಮೇಲೆ ಕಾಣೆಯಾಗಿ ಸಂಜೆ ಪಡುವಣದಲ್ಲಿ ಬರುತ್ತದೆ. ಇವತ್ತು ಎಲ್ಲಿದೆ ಅಂತ ನೋಡಿಕೊಳ್ಳುವುದೇ ಮೊದಲ ಕೆಲಸ. ಎರಡನೆಯದು ಕಿವಿಗೆ. ಊರಿನಲ್ಲಿ ಎಲ್ಲರಿಗಿಂತ ಮುಂಚೆ ಎದ್ದು ಮಾತಾಡುವವನು ಕಾಜಾಣ. ಕೋಳಿ ಅಂತೀರಿ, ನಮ್ಮ ಬೀದಿಯಲ್ಲಂತೂ ಕಾಜಾಣವೇ. ಕರೆಂಟಿನ ತಂತಿಯ ಮೇಲೆ ಕೂತು ಕತ್ತಲಲ್ಲೇ ಶುರು ಮಾಡುತ್ತಾನೆ. ಹಗಲಲ್ಲಿ ಇವನೇ ಮೇಯುವ ಹಸುವಿನ ಬೆನ್ನೇರಿ, ಅದರ ಕಾಲಿಗೆ ಹೆದರಿ ಹಾರುವ ಹುಳ ಹಿಡಿಯುತ್ತಾನೆ.

ಇನ್ನು ಹಾಲು ಕರೆಯುವುದು. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇಡೀ ದಿನದಲ್ಲಿ ನನಗೆ ಅತಿ ಹೆಚ್ಚು ಸಿಗುವುದು ಇಲ್ಲೇ. ಕೆಚ್ಚಲನ್ನು ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಒಂದು ಗಳಿಗೆ ಕೈ ಅಲ್ಲೇ ಇಡಿ. ಸುಕ್ಕು ಸುಕ್ಕಾಗಿದ್ದ ಮೊಲೆ ನಿಮ್ಮ ಬೆರಳ ನಡುವೆಯೇ ತುಂಬಿಕೊಂಡು ಬಿಗಿಯಾಗುತ್ತದೆ. ಹಸು ಸೊರೆ ಬಿಡುವುದು ಅಂದರೆ ಇದೇ. ಅದು ಅವಳಾಗಿ ಬಿಡುವುದು, ನಾವು ಕೀಳುವುದಲ್ಲ. ಹೆದರಿಸಿದರೆ, ಬೈದರೆ, ಹೊಸಬರು ಬಂದು ನಿಂತರೆ ಬಿಡುವುದಿಲ್ಲ. ಬಿಟ್ಟರೂ ಆ ಸೊರೆ ಇರುವುದು ಐದಾರು ನಿಮಿಷ, ಅಷ್ಟರಲ್ಲಿ ಕರೆದು ಮುಗಿಸಬೇಕು. ನಮ್ಮತ್ತೆ ಮೊದಲ ನಾಲ್ಕು ಧಾರೆಯನ್ನು ಭೂಮ್ತಾಯಿಗೆ ಅಂತ ನೆಲಕ್ಕೆ ಬಿಡುತ್ತಿದ್ದರು. ದನದ ಡಾಕ್ಟರು ಬಂದಾಗ, ಮೊದಲ ಧಾರೆಯನ್ನು ಪಾತ್ರೆಗೆ ಸೇರಿಸಲೇಬಾರದು, ಕಪ್ಪು ಬಟ್ಟಲಿಗೆ ಹಿಂಡಿ ಗರಣೆ (ಒಡೆದ ಹಾಲಿನಂಥ ಚೂರು) ಇದೆಯಾ ನೋಡಬೇಕು, ಇದ್ದರೆ ಕೆಚ್ಚಲು ಬಾವು ಶುರುವಾಗಿದೆ ಅಂತ ಅರ್ಥ, ಅದನ್ನು ಕೊಟ್ಟಿಗೆ ನೆಲಕ್ಕೆ ಚೆಲ್ಲಿದರೆ ಬೇರೆ ಹಸುಗಳಿಗೂ ತಗಲುತ್ತದೆ ಅಂದರು. ಈಗ ನಾನು ನಾಲ್ಕು ಮೊಲೆಯಿಂದಲೂ ಎರಡೆರಡು ಧಾರೆ ಬಟ್ಟಲಿಗೆ ಹಿಂಡಿ, ಬೆಳಕಿಗೆ ಹಿಡಿದು ನೋಡಿ, ಚೆನ್ನಾಗಿದ್ದರೆ ಆಚೆ ಹೊಂಗೆ ಮರದ ಬುಡಕ್ಕೆ ಹಾಕಿ ಬರುತ್ತೇನೆ. ಭೂಮ್ತಾಯಿಗೂ ಸಂದಿತು, ಹಸುವಿನ ಆರೋಗ್ಯವೂ ಗೊತ್ತಾಯಿತು. ನೀವೂ ಹೀಗೇ ಮಾಡಿ. ಋಣ ನೆನೆಯುವ ಕಣ್ಣು ಮತ್ತು ರೋಗ ಹಿಡಿಯುವ ಕಣ್ಣು ಎರಡೂ ಒಂದೇ ಅಂತ ನನಗೆ ಖಾತ್ರಿಯಾದದ್ದು ಆ ಬಟ್ಟಲಿನಿಂದ.

ಕರೆಯುವಾಗ ಹಣೆಯನ್ನು ಹಸುವಿನ ಪಕ್ಕೆಗೆ ಒರಗಿಸಿ. ಒಳಗೆ ಹೊಟ್ಟೆ ಗುಡುಗುವುದು ಕೇಳಿಸುತ್ತದೆ, ಚಳಿಗಾಲದಲ್ಲಿ ಆ ಬಿಸಿ ನಿಮ್ಮ ಕತ್ತಿನವರೆಗೂ ಇಳಿಯುತ್ತದೆ. ಬರಿದಾದ ಪಾತ್ರೆಗೆ ಬೀಳುವ ಮೊದಲ ಧಾರೆಯ ಠಣ್ ಸದ್ದು ನೊರೆ ಏರುತ್ತ ಏರುತ್ತ ಮೆತ್ತಗಾಗುತ್ತದೆ. ಕಿವಿಯಲ್ಲೇ ಎಷ್ಟು ಲೀಟರ್ ಆಯಿತು ಅಂತ ಹೇಳಬಹುದು. ಮುಗಿದ ಮೇಲೆ ಗೊಂತಿಗೆ ಹುಲ್ಲು ಹಾಕಿ. ಮೊಲೆಯ ಬಾಯಿ ಮುಚ್ಚಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು, ಅಲ್ಲಿಯವರೆಗೆ ಹಸು ಮಲಗದೆ ನಿಂತಿರಲಿ.

ಸಗಣಿ ಬಾಚುವಾಗ ಏನು ನೋಡಬೇಕು ಅಂತ ಕೇಳುತ್ತೀರಿ. ಮುಂಗಾರು ಶುರುವಾದ ಮೇಲೆ ಬಯಲಲ್ಲಿ ಬಿದ್ದ ಸಗಣಿಯ ಹತ್ತಿರ ಕುಕ್ಕರಗಾಲಲ್ಲಿ ಕೂರಿ. ಸಗಣಿ ಹುಳ ಉಂಡೆ ಕಟ್ಟಿ, ತಲೆ ಕೆಳಗೆ ಮಾಡಿ, ಹಿಂಗಾಲಲ್ಲಿ ತಳ್ಳುತ್ತ ಹೋಗುತ್ತದೆ. ಕಲ್ಲು ಅಡ್ಡ ಬಂದರೆ ಉಂಡೆಯ ಮೇಲೆ ಹತ್ತಿ ಸುತ್ತ ನೋಡಿ ಮತ್ತೆ ಇಳಿಯುತ್ತದೆ. ಆಫ್ರಿಕಾದ ಒಂದು ಜಾತಿಯ ಸಗಣಿ ಹುಳ ರಾತ್ರಿ ಹೊತ್ತು ಆಕಾಶಗಂಗೆಯ ಬೆಳಕು ನೋಡಿಕೊಂಡು ನೆಟ್ಟಗೆ ಹೋಗುತ್ತದಂತೆ, ವಿಜ್ಞಾನಿಗಳು ಕಂಡುಹಿಡಿದಿದ್ದಾರೆ ಅಂತ ಮಗಳು ಓದಿ ಹೇಳಿದಳು. ನಮ್ಮ ಹೊಲದ ಹುಳಗಳು ನನಗೆ ಗೊಬ್ಬರವನ್ನು ಮಣ್ಣಿನೊಳಗೆ ಇಳಿಸಿಕೊಡುತ್ತವೆ, ಕೂಲಿ ಕೇಳುವುದಿಲ್ಲ. ನಾನು ಅವಕ್ಕೆ ಮಾಡುವುದು ಇಷ್ಟೇ: ಜಂತುಹುಳದ ಔಷಧಿಯನ್ನು ಡಾಕ್ಟರು ಹೇಳಿದಾಗ ಮಾತ್ರ ಕೊಡುತ್ತೇನೆ. ಕೆಲವು ಔಷಧಿ ಸಗಣಿಯಲ್ಲಿ ಉಳಿದು ಈ ಹುಳದ ಮರಿಗಳನ್ನು ಕೊಲ್ಲುತ್ತದೆ.

ಹುಲ್ಲು ಕೊಯ್ಯುವಾಗ ನೋಡಬೇಕಾದವನು ಗೀಜಗ. ಸೀಮೆಹುಲ್ಲಿನ ಗರಿಯ ಅಂಚಿಗೆ ಬಂದು ಕೂರುತ್ತಾನೆ, ಕೊಕ್ಕಿನಲ್ಲಿ ಒಂದು ಗಾಯ ಮಾಡುತ್ತಾನೆ, ಆ ತುದಿಯನ್ನು ಕಚ್ಚಿಕೊಂಡು ಹಾರುತ್ತಾನೆ. ಹಾರುವ ವೇಗಕ್ಕೆ ಗರಿಯ ಅಂಚು ದಾರದ ಹಾಗೆ ಸೀಳಿ ಬರುತ್ತದೆ. ಹಳದಿ ತಲೆಯ ಗಂಡೇ ಗೂಡು ಹೆಣೆಯುವುದು. ಅರ್ಧ ಕಟ್ಟಿದಾಗ ಹೆಣ್ಣು ಬಂದು ಒಳಗೆಲ್ಲ ನೋಡಿ ಹೋಗುತ್ತದೆ, ಒಪ್ಪಿದರೆ ಮುಂದಿನ ಕೆಲಸ, ಇಲ್ಲದಿದ್ದರೆ ಬೇರೆ ಗೂಡು. ನಮ್ಮ ಹಳೇ ಬಾವಿಯ ಮೇಲೆ ಬಾಗಿದ ಈಚಲು ಮರದಲ್ಲಿ ಪ್ರತಿ ಮಳೆಗಾಲ ಇದೇ ನಡೆಯುತ್ತದೆ. ಬಾವಿ ಕಡೆಯ ಒಂದು ಸಾಲು ಸೀಮೆಹುಲ್ಲನ್ನು ನಾನು ಗೂಡು ಮುಗಿಯುವ ತನಕ ಕುಡುಗೋಲಿಗೆ ಕೊಡುವುದಿಲ್ಲ. ನಮ್ಮನೆಯವರಿಗೆ ಮೊದಲು ಇದು ದಂಡ ಅನ್ನಿಸಿತ್ತು. ಒಂದು ಸಾಲಿನ ಹುಲ್ಲು ಎಷ್ಟು ಹೊರೆ ಅಂತ ಕೂತು ಲೆಕ್ಕ ಹಾಕಿ ತೋರಿಸಿದೆ, ಸುಮ್ಮನಾದರು. ನಿಮ್ಮ ಹೊಲದಲ್ಲೂ ಹೀಗೆ ಒಂದು ಸಾಲು, ಒಂದು ಬದು, ಒಂದು ಮೂಲೆ ಬಿಡಿ. ಆದಿಚುಂಚನಗಿರಿಯ ನವಿಲುಧಾಮ ನಮ್ಮ ತಾಲ್ಲೂಕಿನಲ್ಲೇ ಇರುವುದು, ನವಿಲುಗಳು ಸುತ್ತಲ ಹೊಲಕ್ಕೆಲ್ಲ ಬರುತ್ತವೆ. ಹುರುಳಿ ತಿನ್ನುತ್ತವೆ ಅನ್ನುವುದು ಸರಿ. ಮಳೆ ಹಿಂದಾಗುವ ಹೊತ್ತಿಗೆ ಹುಲ್ಲಿನೊಳಗೆ ಉದುರಿದ ಗರಿ ಸಿಗುತ್ತದೆ, ಹುಡುಗರು ಕಿತ್ತಾಡಿ ಪುಸ್ತಕದೊಳಗೆ ಇಡುತ್ತಾರೆ.

ಮಧ್ಯಾಹ್ನ ಹಸು ಮಲಗಿ ಮೆಲುಕು ಹಾಕುವಾಗ ಒಂದು ಲೋಟ ಕಾಫಿ ಹಿಡಿದು ಎದುರಿಗೆ ಕೂರಿ. ಕಾಫಿ ಮುಗಿಯುವ ತನಕ ಸಾಕು. ಕತ್ತನ್ನೇ ನೋಡಿ. ಅಗಿದದ್ದು ಕೆಳಗೆ ಇಳಿಯುತ್ತದೆ, ದವಡೆ ಒಂದು ಗಳಿಗೆ ನಿಲ್ಲುತ್ತದೆ, ಇನ್ನೊಂದು ತುತ್ತು ಗಂಟಲಲ್ಲಿ ಉಬ್ಬಿಕೊಂಡು ಮೇಲೆ ಬರುತ್ತದೆ. ಆರೋಗ್ಯವಾಗಿರುವ ಹಸು ದಿನಕ್ಕೆ ಏಳೆಂಟು ಗಂಟೆ ಇದನ್ನೇ ಮಾಡುತ್ತದೆ. ಮೆಲುಕು ನಿಲ್ಲಿಸಿತು ಅಂದರೆ ಸಂಜೆಯವರೆಗೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ.

ಬೇಸಿಗೆಯಲ್ಲಿ ಕಲ್ಲುಬಾನಿ. ಕರೆಯುವ ಮಿಶ್ರತಳಿ ಹಸು ಬಿಸಿಲುಗಾಲದಲ್ಲಿ ದಿನಕ್ಕೆ 60ರಿಂದ 80 ಲೀಟರ್ ನೀರು ಕುಡಿಯುತ್ತದೆ, ಬಾನಿ ಬರಿದಾಗಲು ಬಿಡಬೇಡಿ. ಅದೇ ಬಾನಿಗೆ ಜೇನುನೊಣ ಬರುತ್ತವೆ, ಗೊರವಂಕ ಬರುತ್ತವೆ, ಅಳಿಲು ಬರುತ್ತವೆ. ನುಣುಪಾದ ಅಂಚಿನಿಂದ ಜಾರಿ ಜೇನುನೊಣ ನೀರಿಗೆ ಬಿದ್ದು ಸಾಯುತ್ತವೆ. ಬಾನಿಯ ಒಂದು ಮೂಲೆಯಲ್ಲಿ ನೀರಿಂದ ಮೇಲೆ ಕಾಣುವ ಹಾಗೆ ಒರಟಾದ ಕಲ್ಲು ಇಡಿ, ಅದರ ಮೇಲೆ ಕೂತು ಕುಡಿದು ಹೋಗುತ್ತವೆ. ಬಾನಿ ಪಕ್ಕದ ಹೊಂಗೆ ಯುಗಾದಿ ಹೊತ್ತಿಗೆ ಎಲೆ ಉದುರಿಸಿ ಹೊಸದಾಗಿ ಚಿಗುರುತ್ತದೆ. ಸರಿಯಾಗಿ ಬಿಸಿಲು ಏರುವಾಗಲೇ ದಟ್ಟ ನೆರಳು ಕೊಡುವ ಮರ ಅದು. ಎಚ್‌ಎಫ್ ಹಸುಗಳು ಬಿಸಿಲಿಗೆ ನಾಲಿಗೆ ಹೊರಹಾಕಿ ಏದುಸಿರು ಬಿಡುವವು, ಹಾಲು ಇಳಿದುಬಿಡುತ್ತದೆ. ನಮ್ಮವು ಆ ನೆರಳಲ್ಲಿ ಉಳಿದುಕೊಂಡಿವೆ. ಅದಕ್ಕೇ ಆ ಬುಡಕ್ಕೆ ನನ್ನ ಬಟ್ಟಲಿನ ಹಾಲು.

ಕರು ಹಾಕುವ ದಿನದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಆ ದಿನ ಯಾರ ಮನಸ್ಸೂ ತಾನಾಗಿ ಕರಗುತ್ತದೆ. ಒಂದೇ ಮಾತು: ಹೊಕ್ಕುಳಿಗೆ ಅಯೋಡಿನ್ ಹಚ್ಚುವುದು ಬಿಟ್ಟು ಬೇರೆ ಯಾವ ಗಡಿಬಿಡಿಯೂ ಬೇಡ, ತಾಯಿ ನೆಕ್ಕಲಿ. ನೆಕ್ಕಿದಷ್ಟೂ ಕರುವಿನ ಮೈಯಲ್ಲಿ ರಕ್ತ ಓಡುತ್ತದೆ, ನಡುಗುತ್ತ ನಡುಗುತ್ತ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ. ಒಂದು ಗಂಟೆಯೊಳಗೆ ಗಿಣ್ಣುಹಾಲು ಅದರ ಹೊಟ್ಟೆಗೆ ಹೋಗಲೇಬೇಕು. ಕರು ರೋಗ ತಡೆಯುವ ಶಕ್ತಿ ಇಲ್ಲದೆ ಹುಟ್ಟುತ್ತದೆ, ಅದು ಬರುವುದು ಈ ಹಾಲಿನಿಂದಲೇ. ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಭಾಗ ಅದಕ್ಕೇ ಮೀಸಲು. ಮಿಕ್ಕಿದ್ದರಲ್ಲಿ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ಅಕ್ಕಪಕ್ಕದವರಿಗೆ ಹಂಚಿ. ಗಿಣ್ಣನ್ನು ದುಡ್ಡಿಗೆ ಮಾರುವುದು ನನಗೆ ಒಗ್ಗದು, ನಮ್ಮತ್ತೆಯೂ ಮಾರಿದವರಲ್ಲ.

ಇವನ್ನೆಲ್ಲ ನೆನಪಿಡಲು ಗೋಡೆಯ ಕ್ಯಾಲೆಂಡರ್ ಸಾಕು. ಹಸು ಬೆದೆಗೆ ಬಂದದ್ದು, ಗಬ್ಬಕ್ಕೆ ಸೂಜಿ ಹಾಕಿಸಿದ್ದು, ಹಾಲು ಬತ್ತಿಸಿದ್ದು ಹೇಗೂ ಅಲ್ಲೇ ಬರೆಯುತ್ತೀರಲ್ಲ. ಅದೇ ಚೌಕದಲ್ಲಿ ಒಂದೆರಡು ಪದ ಸೇರಿಸಿ: ‘ಹೊಂಗೆ ಹೂ’, ‘ಗೀಜಗ ಬಂತು’, ‘ಬೆಳ್ಳಕ್ಕಿ ತಲೆ ಕೆಂಪು’. (ಮಳೆಗಾಲಕ್ಕೆ ಹಸುವಿನ ಹಿಂದೆ ಓಡಾಡುವ ಬೆಳ್ಳಕ್ಕಿಗಳ ತಲೆ, ಕತ್ತು ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ, ಗಮನಿಸಿ.) ಕ್ಯಾಲೆಂಡರಿನಲ್ಲಿ ಮಳೆ ನಕ್ಷತ್ರ ಅಚ್ಚಾಗಿರುತ್ತದೆ, ರೋಹಿಣಿ ಬಂತಾ, ಆರಿದ್ರಾ ಕೈಕೊಟ್ಟಿತಾ ಅದನ್ನೂ ಗುರುತು ಹಾಕಿ. ವರ್ಷ ಮುಗಿದ ಮೇಲೆ ರದ್ದಿಗೆ ಹಾಕದೆ ಸುತ್ತಿಡಿ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡುವುದು ನಮ್ಮ ಮನೆಯಲ್ಲಿ ಈಗ ಎಲ್ಲರಿಗೂ ಪ್ರೀತಿಯ ಕೆಲಸ.

ರಾತ್ರಿ ಮುದ್ದೆ ಉಣ್ಣುವಾಗ ‘ಇವತ್ತು ಏನು ಕಂಡಿರಿ’ ಅಂತ ಒಬ್ಬರು ಕೇಳಲಿ. ‘ಪ್ರಕೃತಿ ದೊಡ್ಡದು’ ಅನ್ನುವಂಥ ಉತ್ತರ ಬೇಡ. ಕರುವಿನ ಕಿವಿ ಮೇಲೆ ಚಿಟ್ಟೆ ಕೂತಿತ್ತು ಅಂದರೆ ಅದು ಉತ್ತರ. ಏನೂ ಕಾಣಲಿಲ್ಲ ಅಂದರೂ ಸರಿ, ಬಲವಂತ ಮಾಡಬೇಡಿ.

ಏನೂ ನೆನೆಯಲಾಗದ ದಿನಗಳೂ ಬರುತ್ತವೆ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದ ತುಂಬ ಹಬ್ಬಿದಾಗ ನಮ್ಮ ಜರ್ಸಿಯ ಮೈಮೇಲೂ ಗಂಟು ಎದ್ದವು. ಜ್ವರ, ಕಾಲು ಊತ, ಮೇವು ಮುಟ್ಟಲಿಲ್ಲ. ಅಂಥ ಹೊತ್ತಿನಲ್ಲಿ ಬೆಳ್ಳಿ ಚುಕ್ಕಿ ನೋಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಬೇರೆ ಕಟ್ಟಿ ಹಾಕಿ, ಔಷಧಿ ಮಾಡಿ, ನೊಣ ಕೂರದ ಹಾಗೆ ನೋಡಿಕೊಂಡು, ಪಕ್ಕದಲ್ಲಿ ಕೂತು ಗಂಗೆದೊಗಲು ನೇವರಿಸುತ್ತಿದ್ದೆ. ಅಷ್ಟೇ ಮಾಡಲಾದದ್ದು. ಅವಳು ಒಂದು ಮುಂಜಾನೆ ತಾನಾಗಿ ರಾಗಿಹುಲ್ಲಿಗೆ ಬಾಯಿ ಹಾಕಿದಳು, ಆಮೇಲೆ ನನ್ನ ಕಣ್ಣು ಮತ್ತೆ ಹೊರಗಡೆಗೆ ತಿರುಗಿತು. ಹಸು ಕಳೆದುಕೊಂಡ ಮನೆಯವರಿಗೆ ಇನ್ನೂ ಹೆಚ್ಚು ದಿನ ಬೇಕು. ತೆಗೆದುಕೊಳ್ಳಿ.

ರಜೆಗೆ ಪಟ್ಟಣದಿಂದ ನೆಂಟರ ಮಕ್ಕಳು ಬಂದರೆ ಹಸು ಪಕ್ಕ ನಿಲ್ಲಿಸಿ ಫೋಟೊ ತೆಗೆದು ಕಳಿಸಬೇಡಿ. ಒಂದೊಂದು ಕೆಲಸ ಅವರದ್ದೇ ಅಂತ ಒಪ್ಪಿಸಿ. ದೊಡ್ಡವರಿಗೆ ಕಪ್ಪು ಬಟ್ಟಲು, ಚಿಕ್ಕವರಿಗೆ ಕಲ್ಲುಬಾನಿ. ಹೊತ್ತು ಹೊತ್ತಿಗೆ ನೀರು ತುಂಬಿಸಲಿ, ಜೇನುನೊಣದ ಕಲ್ಲು ಮುಳುಗಿದರೆ ಇನ್ನೊಂದು ಎತ್ತರದ ಕಲ್ಲು ಅವರೇ ಹುಡುಕಿ ತರಲಿ.