ಸೀನಿದರೆ ಮೂತ್ರ ಸೋರುತ್ತಾ? ಬಾಣಂತಿಯರು ಹೀಗೆ ಮಾಡಿ

ಮಗಳು ಹುಟ್ಟಿ ಎರಡು ತಿಂಗಳಾಗಿತ್ತು. ದಾವಣಗೆರೆಯ ತವರುಮನೆಯಲ್ಲಿ ಅವ್ವ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು. ಮೆಣಸಿನಕಾಯಿ ಘಾಟು ಮೂಗಿಗೆ ಬಡಿಯಿತು. ಒಂದೇ ಸೀನು, ಲಂಗ ಒದ್ದೆಯಾಯಿತು. ನಾಚಿಕೆಗೆ ಅಳುವೇ ಬಂತು. 'ಹೆತ್ತ ಮೇಲೆ ಇದೆಲ್ಲ ಇದ್ದದ್ದೇ ಬಿಡವ್ವ' ಅಂದಳು ಅವ್ವ. ಅವಳಿಗೂ ಮೂವತ್ತು ವರ್ಷದಿಂದ ಹಾಗೇ ಇತ್ತಂತೆ. ಯಾರಿಗೂ ಹೇಳಿರಲಿಲ್ಲ.

ಇದ್ದದ್ದೇ ಅಂತ ಸುಮ್ನೆ ಬಿಡಬೇಕಾಗಿಲ್ಲ. ಹೆತ್ತವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಸೊಂಟದ ತಳದಲ್ಲಿ ಮುಂದಿನಿಂದ ಹಿಂದಿನವರೆಗೆ ಜೋಲಿ ಕಟ್ಟಿದ ಹಾಗೆ ಸ್ನಾಯುಗಳಿವೆ. ಡಾಕ್ಟರು ಪೆಲ್ವಿಕ್ ಫ್ಲೋರ್ ಅನ್ನುತ್ತಾರೆ. ಮೂತ್ರಚೀಲ, ಗರ್ಭಕೋಶ ಎಲ್ಲವನ್ನೂ ಹೊತ್ತಿರುವುದು ಈ ಜೋಲಿಯೇ. ಒಂಬತ್ತು ತಿಂಗಳ ಭಾರಕ್ಕೆ ಅದು ಸಡಿಲವಾಗುತ್ತದೆ, ಹೆರಿಗೆಯಲ್ಲಿ ಇನ್ನೂ ಜಾಸ್ತಿ. ಸಿಸೇರಿಯನ್ ಆದವರಿಗೂ ಸೋರಬಹುದು. ಇದನ್ನು ಬಿಗಿ ಮಾಡುವ ವ್ಯಾಯಾಮವನ್ನು ಅಮೆರಿಕದ ಡಾಕ್ಟರ್ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಚಾರಕ್ಕೆ ತಂದರು. ಹಾಗಾಗಿ ಕೆಗೆಲ್ ಅಂತಲೇ ಕರೆಯುತ್ತಾರೆ.

ಮೊದಲು ಸ್ನಾಯು ಯಾವುದೆಂದು ಗುರುತಿಸಿ. ಅಂಗಾತ ಮಲಗಿ, ಮೊಣಕಾಲು ಮಡಚಿ. ನಾಲ್ಕು ಜನರ ನಡುವೆ ಗಾಳಿ ಹೋಗದಂತೆ ಹೇಗೆ ತಡೆಯುತ್ತೀರಿ? ಹಾಗೆ ಹಿಂದಿನಿಂದ ಬಿಗಿ ಹಿಡಿಯಿರಿ. ಜೊತೆಗೇ ಮೂತ್ರ ತಡೆದಂತೆ ಮುಂದಕ್ಕೂ ಎಳೆದುಕೊಳ್ಳಿ. ಒಳಗೆ ಏನೋ ಮೇಲಕ್ಕೆ ಎತ್ತಿದಂತೆ ಅನಿಸಿದರೆ ಅದೇ ಸ್ನಾಯು. ಕುಂಡಿ, ತೊಡೆ ಬಿಗಿಯಾದರೆ ತಪ್ಪು. ಉಸಿರು ಕಟ್ಟಿದರೂ ತಪ್ಪು. ಒಂದು ಕೈ ಹೊಟ್ಟೆ ಮೇಲಿಟ್ಟುಕೊಂಡು ಮೆಲ್ಲಗೆ ಮಾತಾಡುತ್ತಾ ಮಾಡಿ ನೋಡಿ, ಮಾತು ನಿಲ್ಲಬಾರದು. ಮೂತ್ರ ಮಾಡುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡಬೇಡಿ, ಮೂತ್ರಚೀಲ ಪೂರ್ತಿ ಖಾಲಿಯಾಗುವುದಿಲ್ಲ.

ಈಗ ಎಣಿಕೆ. ಬಿಗಿ ಹಿಡಿದು ಐದು ಎಣಿಸಿ, ಪೂರ್ತಿ ಸಡಿಲ ಬಿಟ್ಟು ಮತ್ತೆ ಐದು ಎಣಿಸಿ. ಸಡಿಲ ಬಿಡುವುದೂ ವ್ಯಾಯಾಮವೇ, ಅವಸರ ಬೇಡ. ಹೀಗೆ ಹತ್ತು ಸಲ. ಆಮೇಲೆ ಪಟಪಟನೆ ಹಿಡಿದು ಬಿಡುವುದು ಹತ್ತು ಸಲ. ದಿನಕ್ಕೆ ಮೂರು ಹೊತ್ತು. ಮೊದಮೊದಲು ಎರಡು ಎಣಿಸುವಷ್ಟರಲ್ಲೇ ಜಾರುತ್ತದೆ, ಪರವಾಗಿಲ್ಲ. ನಿಧಾನವಾಗಿ ಹತ್ತರವರೆಗೆ ಏರಿಸಿ. ನಾನು ಮಗುವಿಗೆ ಹಾಲು ಕುಡಿಸುವಾಗ ಮಾಡುತ್ತಿದ್ದೆ. ಅವ್ವನೂ ಶುರು ಮಾಡಿದಳು, ರೊಟ್ಟಿ ಬೇಯುವಷ್ಟು ಹೊತ್ತು ನಿಂತಲ್ಲೇ. ವಯಸ್ಸಾದವರಿಗೂ ಇದರಿಂದ ಅನುಕೂಲವಿದೆ.

ಇನ್ನೊಂದು ಮುಖ್ಯ ಉಪಾಯ: ಸೀನು ಬರುವ ಮುನ್ನ, ಮಗುವನ್ನು ಎತ್ತುವ ಮುನ್ನ ಒಮ್ಮೆ ಬಿಗಿ ಹಿಡಿಯಿರಿ. ಒಂದೆರಡು ವಾರದಲ್ಲಿ ರೂಢಿಯಾಗುತ್ತದೆ.

ಯಾವಾಗ ಶುರು ಮಾಡಬೇಕು? ನಾರ್ಮಲ್ ಹೆರಿಗೆಯಾದರೆ, ತೀರಾ ನೋವಿಲ್ಲದಿದ್ದರೆ ಕೆಲವೇ ದಿನಗಳಲ್ಲಿ. ಮೂತ್ರದ ಪೈಪ್ ಹಾಕಿದ್ದರೆ ಅದು ತೆಗೆದು, ಸಲೀಸಾಗಿ ಮೂತ್ರ ಆದ ಮೇಲೆ. ಹೊಲಿಗೆ ಜಾಸ್ತಿ ಬಿದ್ದಿದ್ದರೆ ಡಾಕ್ಟರನ್ನು ಕೇಳಿಕೊಳ್ಳಿ. ಮನೆಯೊಳಗೆ ಓಡಾಟ ಮೊದಲಿಂದಲೇ ಇರಲಿ, ಕುಂದುವಾಡ ಕೆರೆಯ ವಾಕಿಂಗ್ ಮೈ ಹಗುರಾದ ಮೇಲೆ ಸಾಕು. ತುಂಬಿದ ಕೊಡ, ಗ್ಯಾಸ್ ಸಿಲಿಂಡರ್ ಮಾತ್ರ ಮುಟ್ಟಬೇಡಿ. ಹೊಟ್ಟೆಗೆ ಕಟ್ಟುವ ಬಟ್ಟೆ ಉಸಿರು ಹಿಡಿಯುವಷ್ಟು ಬಿಗಿಯಾದರೆ ಒತ್ತಡ ಕೆಳಗೇ ಬೀಳುತ್ತದೆ. ಅದನ್ನೂ ಸಡಿಲಿಸಿ.

ನಮ್ಮ ಕಡೆ ಬಾಣಂತಿಗೆ ನೀರು ಕಡಿಮೆ ಕೊಡುತ್ತಾರೆ, ಅಲ್ವಾ? ಸೋರುವ ಭಯಕ್ಕೆ ಬಾಣಂತಿಯೂ ಕುಡಿಯುವುದಿಲ್ಲ. ಇದು ದೊಡ್ಡ ತಪ್ಪು. ಮೂತ್ರ ಗಟ್ಟಿಯಾದರೆ ಮೂತ್ರಚೀಲ ಕೆರಳುತ್ತದೆ. ಮಲ ಕಟ್ಟಿ ತಿಣುಕಿದರೆ ಸಡಿಲವಾದ ಜೋಲಿಗೆ ಇನ್ನಷ್ಟು ಪೆಟ್ಟು. ಬಾಯಾರಿದಾಗಲೆಲ್ಲ ಕುಡಿಯಿರಿ. ಮೆಣಸಿನ ಸಾರಿನ ಜೊತೆ ಸಬ್ಬಸಿಗೆ ಸೊಪ್ಪಿನ ಪಲ್ಯವೂ ಇರಲಿ.

ಬಿಡದೆ ಮಾಡಿದರೆ ಆರೆಂಟು ವಾರದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಮೂರು ತಿಂಗಳಾದರೂ ಸೋರುತ್ತಿದ್ದರೆ, ಕೆಳಗೆ ಏನೋ ಜಾರಿ ಬಂದಂತೆ ಅನಿಸಿದರೆ ಹೆರಿಗೆ ಡಾಕ್ಟರಿಗೆ ತೋರಿಸಿ. ಉರಿಮೂತ್ರ, ಜ್ವರ ಇದ್ದರೆ ಒಂದು ದಿನವೂ ಕಾಯಬೇಡಿ, ಅದು ಸೋಂಕು ಇರಬಹುದು. ಎರಡು ಮೆಡಿಕಲ್ ಕಾಲೇಜು ಇರುವ ಊರು ನಮ್ಮದು. ಡಾಕ್ಟರ ಮುಂದೆ ಸುತ್ತಿ ಬಳಸಿ ಹೇಳಬೇಡಿ, 'ಸೀನಿದರೆ ಮೂತ್ರ ಹೋಗುತ್ತದೆ' ಅಂತ ನೇರವಾಗಿ ಹೇಳಿ. ವ್ಯಾಯಾಮ ಸರಿಯಾಗಿ ಮಾಡುತ್ತಿದ್ದೇನಾ ಎಂದು ಪರೀಕ್ಷೆ ಮಾಡಿಸಿಕೊಂಡೇ ಬನ್ನಿ.